ಹೊರಗಿನ ನಂಬರು

ರಾತ್ರಿ ಒಂಬತ್ತೂಕಾಲು. ಶಿಡ್ಲಘಟ್ಟದಲ್ಲಿ ಕರೆಂಟಿದೆ.
ರೂಟರಿನ ಐದು ದೀಪಗಳಲ್ಲಿ ನಾಲ್ಕು ಸುಮ್ಮನೆ ಹಸಿರು,
ಐದನೆಯದು ಮಿಟುಕುತ್ತಿದೆ, ಅದು ಮಿಟುಕಲೇಬೇಕಂತೆ.
ನಾನೊಂದು ಲೋಕವನ್ನು ತೆರೆದು ಕೂತಿದ್ದೇನೆ,
ಒಳಗೆ ಯಾರೂ ಇಲ್ಲ.

ಫೋನಿನಲ್ಲಿ ಚೇಳೂರಿನ ಚೌಡರೆಡ್ಡಿ:
'ತಿರುಗ್ತಾನೇ ಇದೆ ಕಣೋ, ಗಾಣದ ಎತ್ತಿನ ಥರ.'
ಗೌರಿಬಿದನೂರಿನ ಗಂಗರತ್ನ ಮೂರು ಚುಕ್ಕಿ ಕಳಿಸಿದಳು,
ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಮೂರು.
ಎದುರು ಮನೆಯ ಇಮ್ದಾದ್ ಏನೂ ಹೇಳಿಲ್ಲ.
ಅವನ ಕಿಟಕಿಯಲ್ಲಿ ನೀಲಿ ಬೆಳಕು ಕಾಣುತ್ತದೆ,
ಬೆಳಕಿನಲ್ಲಿ ಅವನ ಕಿವಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ:
ಆರಿಸಿ, ಮೂವತ್ತು ಎಣಿಸಿ, ಹಾಕಿದೆ.
ಅಮ್ಮನ ಅಡುಗೆ ವಿಡಿಯೊ ಒಗ್ಗರಣೆಯಲ್ಲೇ ನಿಂತು
ಸಾಸಿವೆ ಗಾಳಿಯಲ್ಲಿ ತೂಗಿತು.

ಆಮೇಲೆ ಫೈರ್‌ವಾಲ್.
ಇದನ್ನು ಒಳಗೆ ಬಿಡಲೇ ಅಂತ ಎಂದೋ ಕೇಳಿತ್ತಂತೆ,
ನಾನು ಓದದೆ ಬೇಡ ಅಂತ ಒತ್ತಿದ್ದೆನಂತೆ.
ಆ ಒಂದು ಬೇಡವನ್ನು
ಮೂರು ತಿಂಗಳು ನೆನಪಿಟ್ಟುಕೊಂಡಿದೆ
ನಮ್ಮ ದೊಡ್ಡಮ್ಮನ ಹಾಗೆ.

ಆಮೇಲೆ ಬಾಗಿಲು.
ನಮ್ಮ ಮನೆಗೆ ಇರುವುದೇ ಎರಡು,
ಅಂಗೈಯಗಲದ ಈ ಡಬ್ಬಿಗೆ ಅರವತ್ತೈದು ಸಾವಿರ!
ಒಂದನ್ನು ತೆಗೆದು, ಬಂದವರನ್ನೆಲ್ಲ
ನೂರೈದನೇ ಕೋಣೆಗೆ ಕಳಿಸು ಅಂತ ಬರೆದಿಟ್ಟಿದ್ದೆ.
ನೋಡಿದರೆ, ಆರಿಸಿ ಹಾಕಿದಾಗ
ಕೋಣೆಗಳು ಅದಲುಬದಲಾಗಿವೆ.
ನೂರೈದರಲ್ಲಿ ಈಗ ಅಮ್ಮನ ಫೋನು.
ಇಷ್ಟು ಹೊತ್ತು ಚೌಡರೆಡ್ಡಿ ತಟ್ಟಿದ್ದು
ಆ ಸಾಸಿವೆಯ ಬಾಗಿಲನ್ನು.

ಇದು ನನ್ನದು, ಇನ್ನು ಬದಲಿಸಬೇಡ
ಅಂತ ಕಟ್ಟಿಹಾಕಿದೆ.
'ಈಗ?'
'ತಿರುಗ್ತಾ ಇದೆ.'

ಅಮ್ಮ ಹಿಂದೆ ಬಂದು ನಿಂತಳು.
ಹಗಲೆಲ್ಲ ರೀಲಿಂಗ್ ಯೂನಿಟ್ಟಿನ ಬಿಸಿನೀರಲ್ಲಿ
ನೆನೆದು ಬೆಳ್ಳಗಾದ ಬೆರಳು, ಅದೇ ಗೂಡಿನ ವಾಸನೆ.
'ಎಳೆ ಎಲ್ಲಿ ಕಿತ್ತಿದೆ ನೋಡು, ಅಲ್ಲಿಂದ ಹಿಡಿ.'
'ಇದು ರೇಷ್ಮೆ ಅಲ್ಲಮ್ಮ.'
'ಮತ್ತೆ ಲೈನು ಲೈನು ಅಂತೀಯಲ್ಲೋ?'
ಊಟಕ್ಕಿಟ್ಟು ಹೋದಳು.

ಮುದ್ದೆ ಆರುತ್ತಿರುವಾಗ ಕಂಡಿತು.
ರೂಟರು ಹೇಳುವ ನನ್ನ ಹೊರಗಿನ ನಂಬರು ಒಂದು,
ಹೊರಗಿನವರು ಹೇಳುವ ನನ್ನ ನಂಬರು ಇನ್ನೊಂದು.
ಕೇಬಲ್ ವೆಂಕಟರವಣಪ್ಪನಿಗೆ ಫೋನು ಮಾಡಿದೆ.
ಬಾಯಲ್ಲಿ ಅನ್ನ ಇಟ್ಟುಕೊಂಡೇ ಹೇಳಿದರು:
'ಅದಾ? ನಿಮ್ಮ ಬೀದಿಗೆಲ್ಲ ಒಂದೇ ನಂಬರಪ್ಪಾ.
ಗೂಡಿನ ಮಾರ್ಕೆಟ್ಟಿಗೂ ಅದೇ.
ನಿನಗೇ ಬೇರೆ ಬೇಕಂದ್ರೆ ತಿಂಗಳಿಗೆ ಇನ್ನೂರೈವತ್ತು,
ಸೋಮವಾರ ಆಧಾರ್ ತಗೊಂಡು ಬಾ.'

ಅಂದರೆ ಬೇಕರಿಯ ರಾಮಾಂಜಿ, ಪಾಸ್‌ಬುಕ್ ಅಜ್ಜಿ,
ಹರಾಜಿನ ರೇಟು ನೋಡುವ ಹಾಜಿ ಸಾಹೇಬರು,
ಮೂರನೇ ಸಲ ಪಿಯುಸಿ ಕಟ್ಟಿರುವ ಶಿಲ್ಪಶ್ರೀ, ನಾನು,
ಊರು ದಾಟಿದ ಮೇಲೆ ನಾವೆಲ್ಲ ಒಬ್ಬರೇ.
ಹೊರಗೆ ಹೋಗುವುದಕ್ಕೆ ಯಾರ ತಕರಾರೂ ಇಲ್ಲ.
ಹುಡುಕಿಕೊಂಡು ಬಂದವರು ಮಾತ್ರ
ಬೀದಿಯ ಬಾಯಲ್ಲಿ ನಿಲ್ಲುತ್ತಾರೆ,
ಯಾರ ಮನೆಗೆ ಅಂತ ಕೇಳುವವರೂ ಇಲ್ಲದೆ.

ಹತ್ತೂವರೆಗೆ ಬಾಗಿಲು ಬಡಿದ ಸದ್ದು.
ನಿಜವಾದ ಬಾಗಿಲು.
ಇಮ್ದಾದ್, ಹೆಗಲಿಗೆ ಹಳದಿ ಕೇಬಲ್ಲಿನ ಸುರುಳಿ:
'ನನ್ನ ಲೈನಿಂದ ನಿನ್ನ ಮನೆಗೆ ಬರಕ್ಕಾಗಲ್ಲ.
ನಡ್ಕೊಂಡು ಬಂದೆ.'

ಅವರ ಮಾಳಿಗೆಯಿಂದ ನಮ್ಮ ಮಾಳಿಗೆಗೆ ಎಸೆದೆವು.
ಗೋಡೆಗೊರಗಿಸಿದ್ದ ಚಂದ್ರಿಕೆಗಳ ಮೇಲೆ ಬಿತ್ತು ಒಮ್ಮೆ,
ಒಂದು ನಾಯಿ ಬೊಗಳಿತು,
ಎರಡನೇ ಸಲಕ್ಕೆ ಸಿಕ್ಕಿತು.

ಒಂದೇ ಮಿಲಿಸೆಕೆಂಡು.
ನಾವು ಕಟ್ಟುತ್ತಿರುವ, ಇನ್ನೂ ಸೂರಿಲ್ಲದ
ಬಸ್‌ಸ್ಟ್ಯಾಂಡಿನ ಎದುರು ಅವನು ಬಂದು ನಿಂತ,
ಹಾರಿ ಹಾರಿ ತೋರಿಸಿದ.
ಫೋನನ್ನು ನೀರಿನ ಚೊಂಬಿಗೆ ಒರಗಿಸಿ
ಪರದೆಯ ಕಡೆ ತಿರುಗಿಸಿದೆ.
ಗಂಗರತ್ನ ಅಲ್ಲಿಂದಲೇ ಅಂದಳು:
'ಆ ಗೋಡೆ ಸೊಟ್ಟ. ಒಂದು ಕಲ್ಲು ಎಡಕ್ಕೆ.'

ಚೌಡರೆಡ್ಡಿಯ ಕಂಬ
ಹೋದ ವಾರ ಅವನು ಬಿಟ್ಟಲ್ಲೇ ಇತ್ತು, ಅರ್ಧ.
ಇಮ್ದಾದ್ ಮೇಲೊಂದು ಕಲ್ಲಿಡಲು ಹೋದ.
ಬೇಡ ಅಂದೆ.
ಸೋಮವಾರ.